ಬೂದಿ ರೋಗಕ್ಕೂ ಪರಾಗಕ್ಕೂ ಒಂದೇ ಬಾಗಿಲು: ಜೀನ್ ತಿದ್ದುಪಡಿ ಸುದ್ದಿಯ ಒಳಗೇನಿದೆ?

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು ದೆಹಲಿಯಲ್ಲಿ ಜೀನ್ (ವಂಶವಾಹಿ) ತಿದ್ದಿದ ಎರಡು ಹೊಸ ಭತ್ತದ ತಳಿಗಳನ್ನು ಘೋಷಿಸಿದರು. ಮೊದಲನೆಯದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯು ಸಾಂಬಾ ಮಸೂರಿಯನ್ನು ತಿದ್ದಿ ರೂಪಿಸಿದ ‘ಡಿಆರ್‌ಆರ್ ಧಾನ್ 100’, ಅಂದರೆ ‘ಕಮಲಾ’. ಎರಡನೆಯದು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಎಂಟಿಯು 1010 ತಳಿಯಿಂದ ರೂಪಿಸಿದ ‘ಪೂಸಾ ಡಿಎಸ್‌ಟಿ ರೈಸ್ 1’. ಕಮಲಾ ಮೂಲ ತಳಿಗಿಂತ ಶೇ 19ರಷ್ಟು ಹೆಚ್ಚು ಇಳುವರಿ ಕೊಡುತ್ತದೆ, ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎಂದು ಹೇಳಲಾಯಿತು. ಡಿಎಸ್‌ಟಿ ತಳಿ ಚೌಳು, ಕ್ಷಾರದ ನೆಲದಲ್ಲೂ ತಾಳಿಕೊಳ್ಳುತ್ತದೆ ಎಂದು ಹೇಳಲಾಯಿತು.

ಅದಾದ ಮೇಲೆ ಪತ್ರಿಕೆಗಳಲ್ಲಿ ಬಂದ ಚರ್ಚೆಯನ್ನು ಓದಿದವರಿಗೆ ಗೊಂದಲವಾಗಿದ್ದರೆ ಆಶ್ಚರ್ಯವಿಲ್ಲ. ಇವು ಕುಲಾಂತರಿ ತಳಿಗಳಲ್ಲ, ಬೇರೆ ಜೀವಿಯ ವಂಶವಾಹಿ ಇವುಗಳಲ್ಲಿಲ್ಲ ಎಂದು ವಿಜ್ಞಾನಿಗಳು ಹೇಳಿದರು. ಇವು ಹಿಂಬಾಗಿಲಿನಿಂದ ಬಂದ ಕುಲಾಂತರಿಗಳೇ ಎಂದು ವಿರೋಧಿಸುವ ಸಂಘಟನೆಗಳು ಹೇಳಿದವು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲದಿರುವುದರಿಂದ ಭತ್ತ ಕೆರೆಯ ಕೆಳಗಿನ ಗದ್ದೆಗಳಿಗೆ ಸೀಮಿತ. ಆದ್ದರಿಂದ ಇದು ತಮ್ಮ ವಿಷಯವಲ್ಲ ಎಂದು ಇಲ್ಲಿಯ ಬೆಳೆಗಾರರು ಸುದ್ದಿಯನ್ನು ಬದಿಗಿಟ್ಟಿರಬಹುದು. ಆದರೆ ಇದೇ ತಂತ್ರವನ್ನು ಟೊಮೆಟೊ, ದ್ರಾಕ್ಷಿಗಳ ಮೇಲೆ ಪ್ರಪಂಚದ ಹಲವು ಪ್ರಯೋಗಾಲಯಗಳು ಈಗಾಗಲೇ ಪ್ರಯೋಗಿಸಿವೆ. ಮುಂದೊಂದು ದಿನ ಅದು ಈ ಜಿಲ್ಲೆಗಳಿಗೆ ಬಂದರೆ ಭತ್ತದ ರೂಪದಲ್ಲಲ್ಲ, ಟೊಮೆಟೊ ಸಸಿಯ ರೂಪದಲ್ಲಿ ಬರುವ ಸಾಧ್ಯತೆಯೇ ಹೆಚ್ಚು.

‘ಹೊರಗಿನ ವಂಶವಾಹಿ ಇದೆಯೇ ಇಲ್ಲವೇ’ ಎಂಬ ಪ್ರಶ್ನೆಯ ಸುತ್ತಲೇ ವಾದ ಸುತ್ತುತ್ತಿರುವುದರಿಂದ ಇನ್ನೊಂದು ಪ್ರಶ್ನೆ ಮರೆಯಾಗಿದೆ. ಈ ತಳಿಗಳಲ್ಲಿ ತಿದ್ದಿರುವುದು ಗಿಡದ ಜೀವಕೋಶಗಳು ತಮ್ಮತಮ್ಮಲ್ಲಿ ಕೊಟ್ಟು ತೆಗೆದುಕೊಳ್ಳುವ ಸಂಕೇತವನ್ನು. ಆ ಸಂಕೇತ ಗಿಡದಲ್ಲಿ ಬೇರೆ ಯಾವ ಯಾವ ಕೆಲಸ ಮಾಡುತ್ತಿತ್ತು ಎಂಬುದೇ ಬೆಳೆಗಾರ ಕೇಳಬೇಕಾದ ಪ್ರಶ್ನೆ.

ಟವೆಲಿನ ಮರೆಯ ಬೆರಳು

ತುಮಕೂರಿನ ಸಿದ್ಧಗಂಗೆಯ ಜಾತ್ರೆಯಂಥ ದನಗಳ ಜಾತ್ರೆಗಳಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ದಲ್ಲಾಳಿ ಕೈಮೇಲೆ ಟವೆಲು ಹೊದಿಸಿಕೊಂಡು, ಅದರ ಮರೆಯಲ್ಲಿ ಎದುರಿನವನ ಬೆರಳು ಹಿಡಿಯುತ್ತಾನೆ. ಎರಡು ಬೆರಳು ಹಿಡಿದರೆ ಎರಡು ಸಾವಿರವೋ ಇಪ್ಪತ್ತು ಸಾವಿರವೋ ಎಂಬುದು ಆ ಬೆರಳುಗಳಲ್ಲಿ ಬರೆದಿಲ್ಲ. ಮುಂದೆ ಕಟ್ಟಿರುವುದು ಎಳೆಗರುವೋ ಉಳುವ ಜೋಡಿಯೋ ಎಂಬುದರಿಂದ ಅದು ತಿಳಿಯುತ್ತದೆ. ಇರುವುದು ಹತ್ತು ಬೆರಳು, ಅವುಗಳಿಂದ ಹೇಳಬೇಕಾದ ಬೆಲೆಗಳು ನೂರಾರು.

ಜೀವಕೋಶದ ಲೆಕ್ಕವೂ ಇದೇ. ಗಿಡದಲ್ಲಿ ಆಕ್ಸಿನ್, ಜಿಬ್ಬರೆಲಿನ್, ಸೈಟೊಕೈನಿನ್ ಮುಂತಾದ ಹಾರ್ಮೋನುಗಳು ಕೆಲವೇ. ಅವುಗಳ ಜೊತೆಗೆ ಕ್ಯಾಲ್ಸಿಯಂ, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಸರಳ ವಸ್ತುಗಳು ಮತ್ತು ಪುಟ್ಟ ಪ್ರೋಟೀನ್ ತುಣುಕುಗಳು ಸಂಕೇತಗಳಾಗಿ ಓಡಾಡುತ್ತವೆ. ಜೀವಕೋಶದ ಹೊರಪೊರೆಯಲ್ಲೋ ಒಳಗೋ ಇರುವ ಗ್ರಾಹಕ ಪ್ರೋಟೀನ್ ಆ ಸಂಕೇತವನ್ನು ಹಿಡಿಯುತ್ತದೆ. ಅದು ಒಳಗಿನ ಮತ್ತೊಂದು ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ, ಅದು ಇನ್ನೊಂದಕ್ಕೆ. ಕೊನೆಗೆ ಯಾವುದೋ ವಂಶವಾಹಿ ಎಚ್ಚರಗೊಳ್ಳುತ್ತದೆ ಅಥವಾ ಮಲಗುತ್ತದೆ. ಬೇರಿನ ತುದಿಯಲ್ಲಿ ಒಂದು ಅರ್ಥ ಕೊಡುವ ಸಂಕೇತವೇ ಹೂವಿನಲ್ಲಿ ಇನ್ನೊಂದು ಅರ್ಥ ಕೊಡುತ್ತದೆ. ಆದ್ದರಿಂದ ಈ ಸರಪಳಿಯ ಒಂದು ಕೊಂಡಿಯನ್ನು ತಿದ್ದಿದಾಗ ಬದಲಾಗುವುದು ಒಂದೇ ಗುಣವಾಗಿರಬೇಕಾಗಿಲ್ಲ.

ಎರಡು ತಳಿ, ಒಂದೇ ಸರಪಳಿ

ಕಮಲಾ ಭತ್ತದಲ್ಲಿ ತಿದ್ದಿರುವುದು ಸಿಕೆಎಕ್ಸ್2 ಎಂಬ ವಂಶವಾಹಿಯನ್ನು. ಅದು ತಯಾರಿಸುವ ಕಿಣ್ವದ ಕೆಲಸ ಸೈಟೊಕೈನಿನ್ ಹಾರ್ಮೋನನ್ನು ಒಡೆದುಹಾಕುವುದು. ತೆನೆ ರೂಪುಗೊಳ್ಳುವ ಜಾಗದಲ್ಲಿ ಸೈಟೊಕೈನಿನ್ ಹೆಚ್ಚಿದ್ದರೆ ಅಲ್ಲಿಯ ಜೀವಕೋಶಗಳು ಹೆಚ್ಚು ಸಾರಿ ವಿಭಜನೆಗೊಂಡು ಹೆಚ್ಚು ಹೂಗಳು, ಹೆಚ್ಚು ಕಾಳುಗಳು ಮೂಡುತ್ತವೆ. ಒಡೆಯುವ ಕಿಣ್ವವನ್ನು ಕುಗ್ಗಿಸಿದರೆ ಹಾರ್ಮೋನು ಉಳಿಯುತ್ತದೆ, ಕಾಳು ಹೆಚ್ಚುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲೇ ತೋರಿಸಿದ್ದರು. ಕೆಲವು ಭತ್ತದ ತಳಿಗಳಲ್ಲಿ ಈ ಬದಲಾವಣೆ ತಾನಾಗಿಯೇ ಆಗಿತ್ತು. ಡಿಎನ್‌ಎಯನ್ನು ಗುರಿಯಿಟ್ಟು ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ಅಂಥದನ್ನೇ ಬೇಕಾದ ತಳಿಯಲ್ಲಿ, ಬೇಕಾದ ಜಾಗದಲ್ಲಿ ಮಾಡಲಾಗಿದೆ.

ಪೂಸಾ ತಳಿಯಲ್ಲಿ ತಿದ್ದಿರುವುದು ಡಿಎಸ್‌ಟಿ ಎಂಬ ಇನ್ನೊಂದು ವಂಶವಾಹಿಯನ್ನು. ಇದು ಕೆಲಸ ಮಾಡುತ್ತಿರುವಾಗ ಎಲೆಯ ಪತ್ರರಂಧ್ರಗಳ ಸುತ್ತ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚಾಗದಂತೆ ನೋಡಿಕೊಳ್ಳುತ್ತದೆ. ಇದನ್ನು ನಿಲ್ಲಿಸಿದರೆ ಆ ಪೆರಾಕ್ಸೈಡ್ ಏರುತ್ತದೆ, ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಗಿಡ ನೀರನ್ನು ಉಳಿಸಿಕೊಳ್ಳುತ್ತದೆ. ಬರ, ಚೌಳು ತಾಳುವ ಗುಣ ಬರುವುದು ಹೀಗೆ.

ಸುದ್ದಿಗಳು ಇವೆರಡನ್ನೂ ಬೇರೆ ಬೇರೆ ಸಾಧನೆಗಳೆಂದು ಹೇಳಿದವು. ಆದರೆ ಡಿಎಸ್‌ಟಿ ಪ್ರೋಟೀನು ಸಿಕೆಎಕ್ಸ್2 ವಂಶವಾಹಿಯನ್ನು ನೇರವಾಗಿ ಎಚ್ಚರಿಸುತ್ತದೆ ಎಂಬುದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಗಿದೆ. ಅಂದರೆ ಒಂದು ತಳಿಯಲ್ಲಿ ಸರಪಳಿಯ ಮೇಲಿನ ಕೊಂಡಿಯನ್ನು, ಇನ್ನೊಂದರಲ್ಲಿ ಕೆಳಗಿನ ಕೊಂಡಿಯನ್ನು ತಿದ್ದಲಾಗಿದೆ. ಎಲೆಯ ರಂಧ್ರ ಮುಚ್ಚಿಸುವ ತಿದ್ದುಪಡಿಯೇ ತೆನೆಯ ಕಾಳನ್ನೂ ಮುಟ್ಟುತ್ತದೆ. ಈ ಸಂದರ್ಭದಲ್ಲಿ ಎರಡೂ ಪರಿಣಾಮಗಳು ಬೆಳೆಗಾರನ ಕಡೆಗೇ ವಾಲಿವೆ ಎಂಬುದು ಅದೃಷ್ಟ. ಆದರೆ ರಂಧ್ರಗಳು ಮುಚ್ಚಿದ ಎಲೆ ನೀರನ್ನು ಉಳಿಸುವುದರ ಜೊತೆಗೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನೂ ಕಡಿಮೆ ತೆಗೆದುಕೊಳ್ಳುತ್ತದೆ, ಬಿಸಿಲಿನಲ್ಲಿ ಆವಿ ಬಿಟ್ಟು ತಂಪಾಗುವುದೂ ಕಡಿಮೆಯಾಗುತ್ತದೆ. ಇದರ ಲಾಭನಷ್ಟ ಯಾವ ನೆಲದಲ್ಲಿ, ಯಾವ ಹವೆಯಲ್ಲಿ ಎಷ್ಟು ಎಂಬುದನ್ನು ಹೊಲವೇ ಹೇಳಬೇಕು.

ಲೋಟದಲ್ಲಿ ಅದ್ದಿದ ಗೊಂಚಲು

ಸಂಕೇತವನ್ನು ತಿದ್ದುವುದು ಈ ಭಾಗಕ್ಕೆ ಹೊಸತೇನಲ್ಲ. ಬೀಜರಹಿತ ದ್ರಾಕ್ಷಿ ಬೆಳೆಯುವ ತೋಟದಲ್ಲಿ ಕಾಯಿ ಇನ್ನೂ ಸಾಸಿವೆಗಿಂತ ಸ್ವಲ್ಪ ದಪ್ಪಗಿರುವಾಗ ಕೆಲಸದವರು ಚಪ್ಪರದ ಕೆಳಗೆ ಸಾಲು ಹಿಡಿದು ನಡೆಯುತ್ತಾರೆ. ಒಂದು ಕೈಯಲ್ಲಿ ಜಿಎ ಕಲಸಿದ ನೀರಿನ ಲೋಟ; ಇನ್ನೊಂದು ಕೈಯಿಂದ ಎಲೆಗಳನ್ನು ಸರಿಸಿ, ಲೋಟವನ್ನು ಕೆಳಗಿನಿಂದ ಎತ್ತಿ ಗೊಂಚಲು ಪೂರ್ತಿ ಮುಳುಗಿಸಿ, ಇಳಿಸಿ, ಗೊಂಚಲನ್ನು ಒಂದು ಸಾರಿ ಮೆಲ್ಲಗೆ ಅಲುಗಿಸಿ ಮುಂದಕ್ಕೆ ಹೋಗುತ್ತಾರೆ. ಸಾಮಾನ್ಯವಾಗಿ ಕೆಲವು ದಿನಗಳ ನಂತರ ಇನ್ನೊಂದು ಸುತ್ತು.

ಜಿಎ ಎಂದರೆ ಜಿಬ್ಬರೆಲಿಕ್ ಆಮ್ಲ. ಸಾಮಾನ್ಯ ದ್ರಾಕ್ಷಿಯಲ್ಲಿ ಈ ಹಾರ್ಮೋನು ಬೆಳೆಯುತ್ತಿರುವ ಬೀಜದಿಂದಲೇ ಬರುತ್ತದೆ. ಬೀಜ ‘ನಾನಿದ್ದೇನೆ’ ಎಂದು ಹೇಳಿದಾಗ ಸುತ್ತಲಿನ ತಿರುಳು ಹಿಗ್ಗುತ್ತದೆ. ಬೀಜರಹಿತ ತಳಿಗಳಲ್ಲಿ ಭ್ರೂಣ ಎಳೆಯದರಲ್ಲೇ ಸತ್ತುಹೋಗುವುದರಿಂದ ಆ ಮಾತು ನಿಂತುಹೋಗಿ ಕಾಯಿ ಸಣ್ಣದಾಗಿ ಉಳಿಯುತ್ತದೆ. ಬೀಜ ಹೇಳಬೇಕಿದ್ದ ಮಾತನ್ನು ಲೋಟ ಹೇಳುತ್ತದೆ.

ಈ ಹಾರ್ಮೋನು ಮೊದಲು ಪತ್ತೆಯಾದದ್ದು ರೋಗವೊಂದರಲ್ಲಿ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಭತ್ತದ ಪೈರು ಅತಿಯಾಗಿ ನೀಳವಾಗಿ, ಬಿಳಿಚಿ, ಕಾಳು ಕಟ್ಟದೆ ಬಿದ್ದುಹೋಗುವ ರೋಗವನ್ನು ಜಪಾನಿನಲ್ಲಿ ‘ಬಕಾನೆ’ ಎನ್ನುತ್ತಾರೆ. ಅದಕ್ಕೆ ಕಾರಣ ಶಿಲೀಂಧ್ರವೊಂದು ಸ್ರವಿಸುವ ವಸ್ತು ಎಂದು 1926ರಲ್ಲಿ ವಿಜ್ಞಾನಿ ಕುರೊಸಾವಾ ತೋರಿಸಿದರು. ಆ ವಸ್ತುವೇ ಜಿಬ್ಬರೆಲಿನ್. ಗಿಡಕ್ಕೂ ಅದು ತನ್ನದೇ ಹಾರ್ಮೋನು ಎಂಬುದು ತಿಳಿದದ್ದು ಆಮೇಲೆ. ಹಸಿರು ಕ್ರಾಂತಿಯ ಗಿಡ್ಡ ಭತ್ತವೂ ಇದೇ ಹಾರ್ಮೋನಿನ ತಯಾರಿಕೆಯಲ್ಲಿ ತಾನಾಗಿ ಉಂಟಾದ ದೋಷದಿಂದ ಬಂದದ್ದು. ಗಿಡ್ಡವಾಗಿದ್ದುದರಿಂದಲೇ ಅದು ಗೊಬ್ಬರ ಹಾಕಿದರೂ ಬೀಳದೆ ತೆನೆ ಹೊತ್ತಿತು. ಹೀಗೆ ಒಂದೇ ಹಾರ್ಮೋನು ಒಂದು ಕಡೆ ರೋಗ, ಒಂದು ಕಡೆ ದ್ರಾಕ್ಷಿಯ ಗಾತ್ರ, ಮತ್ತೊಂದು ಕಡೆ ಪೈರಿನ ಎತ್ತರ.

ಟೊಮೆಟೊದಲ್ಲೂ ಇಂಥದ್ದೇ ಇದೆ. ಹಗಲಿನ ಬಿಸಿ 32 ಡಿಗ್ರಿ ದಾಟಿ, ರಾತ್ರಿಯೂ 21 ಡಿಗ್ರಿಗಿಂತ ಕೆಳಗೆ ಇಳಿಯದ ದಿನಗಳಲ್ಲಿ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ. ಟೊಮೆಟೊ ಹೂವಿನ ಅಂಡಾಶಯಕ್ಕೆ ಗಿಡವೇ ಒಂದು ತಡೆ ಹಾಕಿಟ್ಟಿರುತ್ತದೆ. ಪರಾಗ ಬಂದು ಗರ್ಭ ಕಟ್ಟಿದಾಗ ಆಕ್ಸಿನ್ ಏರಿ ಆ ತಡೆ ತೆರೆದುಕೊಳ್ಳುತ್ತದೆ, ಇಲ್ಲವಾದರೆ ಹೂ ಉದುರುತ್ತದೆ. ಗೊಬ್ಬರದ ಅಂಗಡಿಯವರು ಹೂ ಉದುರದಿರಲು ಕೊಡುವ ಎನ್‌ಎಎ ದ್ರಾವಣ ಆಕ್ಸಿನ್‌ನ ಕೃತಕ ರೂಪ. ಅದೇ ಗುಂಪಿನ 2,4-ಡಿ ಅತ್ಯಲ್ಪ ಪ್ರಮಾಣದಲ್ಲಿ ಟೊಮೆಟೊ ಹೂವನ್ನು ನಿಲ್ಲಿಸುತ್ತದೆ, ಪ್ರಮಾಣ ಏರಿದರೆ ಅಗಲ ಎಲೆಯ ಕಳೆಯನ್ನು ಕೊಲ್ಲುತ್ತದೆ.

ಸಿಂಪಡಿಸುವ ಬದಲು ಆ ತಡೆಯನ್ನೇ ತೆಗೆದುಹಾಕಿದರೆ ಹೇಗೆ? ಜಪಾನಿನ ವಿಜ್ಞಾನಿಗಳು 2017ರಲ್ಲಿ ಅದನ್ನೇ ಮಾಡಿದರು. ಐಎಎ9 ಎಂಬ ವಂಶವಾಹಿಯನ್ನು ಕ್ರಿಸ್ಪರ್‌ನಿಂದ ಕೆಡಿಸಿದಾಗ ಪರಾಗ ಬೀಳದಿದ್ದರೂ ಕಾಯಿ ಕಚ್ಚಿತು, ಹಣ್ಣು ಬೀಜವಿಲ್ಲದೆ ಬೆಳೆಯಿತು. ಏಪ್ರಿಲ್‌ನ ಬಿಸಿಲಿನಲ್ಲಿ ಹೂ ಕಳೆದುಕೊಳ್ಳುವ ಬೆಳೆಗಾರನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ ಎನ್ನಿಸುತ್ತದೆ. ಆದರೆ ಆ ಗಿಡಗಳ ಎಲೆಯನ್ನು ನೋಡಿದರೆ, ಸೀಳುಸೀಳಾಗಿರುವ ಟೊಮೆಟೊ ಎಲೆಯ ಬದಲು ಒಂದೇ ಪಟ್ಟಿಯಂಥ ಎಲೆ. ಹೂವಿನಲ್ಲಿ ಕಾಯಿಯನ್ನು ತಡೆಹಿಡಿದಿದ್ದ ವಂಶವಾಹಿಯೇ ಎಲೆಯನ್ನು ಸೀಳುವ ಕೆಲಸವನ್ನೂ ನೋಡಿಕೊಳ್ಳುತ್ತಿತ್ತು.

ಒಳಗೆ ಬರುವವರು ಯಾರು?

ಈ ಕಥೆಯ ಅತ್ಯಂತ ವಿಚಿತ್ರವಾದ ಭಾಗ ಬೂದಿ ರೋಗದಲ್ಲಿದೆ. ಶ್ರೀನಿವಾಸಪುರದ ಮಾವಿನ ಹೂಗೊಂಚಲು, ಚಿಕ್ಕಬಳ್ಳಾಪುರದ ದ್ರಾಕ್ಷಿ ಎಲೆ, ಟೊಮೆಟೊ ಗಿಡ, ಇವೆಲ್ಲದರ ಮೇಲೂ ಹಿಟ್ಟು ಚೆಲ್ಲಿದಂತೆ ಕಾಣುವ ಶಿಲೀಂಧ್ರ ರೋಗ ಅದು. ಬೆಳೆ ಬೆಳೆಗೂ ಶಿಲೀಂಧ್ರ ಬೇರೆ, ಆದರೆ ಹೆಚ್ಚಿನವುಗಳ ದಾಳಿಯ ಕ್ರಮ ಒಂದೇ. ಎಲೆಯ ಮೇಲೆ ಬಿದ್ದ ಕಣ ಮೊಳೆತು ಸಣ್ಣ ಕೊಳವೆಯೊಂದನ್ನು ಜೀವಕೋಶದೊಳಕ್ಕೆ ಚುಚ್ಚುತ್ತದೆ. ಜೀವಕೋಶವನ್ನು ಕೊಲ್ಲದೆ, ಒಳಗೆ ಬೆರಳಿನಂಥ ಅಂಗ ಚಾಚಿ ಆಹಾರ ಹೀರುತ್ತದೆ.

ಈಗ ಹೂವಿನ ಕಡೆಗೆ ತಿರುಗಿ. ಶಲಾಕಾಗ್ರದ, ಅಂದರೆ ಹೂವಿನ ಹೆಣ್ಣು ಭಾಗದ ತುದಿಯ ಮೇಲೆ ಬಿದ್ದ ಪರಾಗಕಣವೂ ಮೊಳೆಯುತ್ತದೆ. ಅದರಿಂದಲೂ ಕೊಳವೆಯೊಂದು ಹೊರಟು ಅದರ ಕೆಳಗಿನ ಶಲಾಕೆಯೊಳಗೆ ಇಳಿದು, ಮುಂದೆ ಬೀಜವಾಗುವ ಅಂಡಕದ ಬಾಗಿಲಲ್ಲಿರುವ ಸಹಾಯಕ ಜೀವಕೋಶವನ್ನು ಹೊಕ್ಕು ಅಲ್ಲಿ ಒಡೆಯುತ್ತದೆ. ಒಳಗಿನ ಎರಡು ಗಂಡು ಕೋಶಗಳು ಹೊರಬಂದು ಗರ್ಭ ಕಟ್ಟುತ್ತದೆ. ಪರಾಗನಳಿಕೆಯೂ ಶಿಲೀಂಧ್ರದ ಕೊಳವೆಯೂ ತುದಿಯಿಂದಲೇ ಬೆಳೆಯುವಂಥವು, ಎರಡೂ ಪರರ ಜೀವಕೋಶವನ್ನು ಹೊಗುವಂಥವು. ಗಿಡ ಒಂದನ್ನು ಬರಮಾಡಿಕೊಳ್ಳಬೇಕು, ಇನ್ನೊಂದನ್ನು ಹೊರಗೆ ನಿಲ್ಲಿಸಬೇಕು.

ಇವೆರಡಕ್ಕೂ ಗಿಡ ಬಳಸುವ ಪ್ರೋಟೀನುಗಳು ಬೇರೆ ಬೇರೆ ಎಂದೇ ಬಹುಕಾಲ ಭಾವಿಸಲಾಗಿತ್ತು. 2007ರಲ್ಲಿ ಜ್ಯೂರಿಕ್‌ನ ವಿಜ್ಞಾನಿಗಳು ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಕಳೆಗಿಡದಲ್ಲಿ ಫೆರೋನಿಯಾ ಎಂಬ ಗ್ರಾಹಕ ಪ್ರೋಟೀನನ್ನು ಗುರುತಿಸಿದರು. ಇದು ಕೆಟ್ಟಿರುವ ಗಿಡದಲ್ಲಿ ಪರಾಗನಳಿಕೆ ಅಂಡಕದೊಳಗೆ ಬರುತ್ತದೆ, ಆದರೆ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ, ಒಡೆಯುವುದಿಲ್ಲ. ಒಳಗೊಳಗೇ ಸುತ್ತಿಕೊಂಡು ಬೆಳೆಯುತ್ತಲೇ ಹೋಗುತ್ತದೆ, ಗರ್ಭ ಕಟ್ಟುವುದಿಲ್ಲ. 2010ರಲ್ಲಿ ಅದೇ ತಂಡ ಇನ್ನೊಂದು ಸಂಗತಿಯನ್ನು ಪ್ರಕಟಿಸಿತು: ಫೆರೋನಿಯಾ ಕೆಟ್ಟಿರುವ ಗಿಡದ ಎಲೆಗೆ ಬೂದಿ ರೋಗ ಸರಿಯಾಗಿ ಹತ್ತುವುದಿಲ್ಲ. ಪರಾಗನಳಿಕೆಯನ್ನು ಬರಮಾಡಿಕೊಳ್ಳಲು ಫೆರೋನಿಯಾ ಜೊತೆಗೆ ಬೇಕಾಗುವ ಇನ್ನೊಂದು ಪ್ರೋಟೀನು ಎಂಎಲ್‌ಒ ಎಂಬ ಮನೆತನಕ್ಕೆ ಸೇರಿದ್ದು ಎಂಬುದೂ ಆಗ ಗೊತ್ತಾಯಿತು.

ಎಂಎಲ್‌ಒ ಹೆಸರು ಕೇಳಿದೊಡನೆ ಸಸ್ಯರೋಗ ತಜ್ಞರ ಕಿವಿ ನಿಮಿರಿದ್ದಕ್ಕೆ ಕಾರಣವಿದೆ. ಯೂರೋಪಿನ ಬಾರ್ಲಿಯಲ್ಲಿ ಈ ವಂಶವಾಹಿ ಕೆಟ್ಟಿರುವ ತಳಿಗಳಿಗೆ ಬೂದಿ ರೋಗ ಬರುವುದಿಲ್ಲ ಎಂಬುದು ಬಹಳ ಹಿಂದೆಯೇ ತಿಳಿದಿತ್ತು. ಅಂಥ ತಳಿಗಳು ಅಲ್ಲಿ ದಶಕಗಳಿಂದ ಬೆಳೆಯುತ್ತಿವೆ, ರೋಗಾಣು ಆ ತಡೆಯನ್ನು ಮುರಿದಿಲ್ಲ. ರೋಗನಿರೋಧಕ ತಳಿಗಳು ಸಾಮಾನ್ಯವಾಗಿ ಕೆಲವೇ ವರ್ಷಗಳಲ್ಲಿ ಸೋಲುವುದನ್ನು ನೋಡಿದವರಿಗೆ ಇದರ ಬೆಲೆ ಅರ್ಥವಾಗುತ್ತದೆ. ಆ ಬಾಗಿಲನ್ನು ಗಿಡ ತಾನೇ ಇಟ್ಟುಕೊಂಡಿದೆ, ಶಿಲೀಂಧ್ರ ಅದನ್ನು ಬಳಸಿಕೊಳ್ಳುತ್ತದೆ. ಎಂಎಲ್‌ಒ ಪ್ರೋಟೀನುಗಳು ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ಬಿಡುವ ದಾರಿಗಳು ಎಂದು 2022ರಲ್ಲಿ ತಿಳಿದುಬಂದ ಮೇಲೆ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು: ಕೊಳವೆ ಬಂದು ತಟ್ಟಿದಾಗ ಒಳಗೆ ಏಳುವ ಕ್ಯಾಲ್ಸಿಯಂ ಅಲೆಯೇ ಸಂಕೇತ.

ಕ್ರಿಸ್ಪರ್ ಬಂದ ಮೇಲೆ ಈ ಬಾಗಿಲನ್ನು ಬೇರೆ ಬೆಳೆಗಳಲ್ಲೂ ಮುಚ್ಚುವುದು ಸುಲಭವಾಯಿತು. 2017ರಲ್ಲಿ ಪ್ರಕಟವಾದ ‘ಟೊಮೆಲೊ’ ಎಂಬ ಟೊಮೆಟೊದಲ್ಲಿ ಇಂಥದೊಂದು ಎಂಎಲ್‌ಒ ವಂಶವಾಹಿಯಿಂದ 48 ಡಿಎನ್‌ಎ ಅಕ್ಷರಗಳನ್ನು ಕತ್ತರಿಸಲಾಯಿತು. ಹೊರಗಿನ ಡಿಎನ್‌ಎ ಏನನ್ನೂ ಉಳಿಸದೆ ಬೂದಿ ರೋಗ ತಡೆಯುವ ಗಿಡ ಹತ್ತು ತಿಂಗಳೊಳಗೆ ಸಿದ್ಧವಾಯಿತು.

ಇಲ್ಲಿ ಆತುರದ ತೀರ್ಮಾನ ಎರಡು ಕಡೆಗೂ ಸಲ್ಲದು. ಬೂದಿ ರೋಗದ ಬಾಗಿಲು ಮುಚ್ಚಿದರೆ ಪರಾಗದ ಬಾಗಿಲೂ ಮುಚ್ಚಿ ಕಾಯಿಯೇ ಆಗುವುದಿಲ್ಲ ಎಂದು ಹೇಳುವುದು ತಪ್ಪು. ಎಂಎಲ್‌ಒ ಒಂದು ಮನೆತನ. ಅರಾಬಿಡಾಪ್ಸಿಸ್‌ನಲ್ಲೇ ಅಂಥವು 15 ಇವೆ. ಎಲೆಯಲ್ಲಿ ಕೆಲಸ ಮಾಡುವ ಎಂಎಲ್‌ಒ ಬೇರೆ, ಅಂಡಕದ ಬಳಿಯದು ಬೇರೆ. ಒಂದನ್ನು ಆರಿಸಿ ತಿದ್ದಿದರೆ ಇನ್ನೊಂದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಫೆರೋನಿಯಾದಂತೆ ಹಲವು ಕೆಲಸಗಳನ್ನು ಒಂದೇ ತಲೆಯ ಮೇಲೆ ಹೊತ್ತಿರುವ ಪ್ರೋಟೀನನ್ನು ಮುಟ್ಟಿದರೆ ಫಲ, ಬೇರಿನ ರೋಮ, ಗಿಡದ ಎತ್ತರ ಎಲ್ಲವೂ ಅಲುಗುತ್ತವೆ. ಬಾರ್ಲಿಯ ಎಂಎಲ್‌ಒ ತಿದ್ದುಪಡಿಯೂ ಪುಕ್ಕಟೆಯಾಗಿ ಬರಲಿಲ್ಲ: ಎಲೆಗಳು ಬೇಗ ಹಣ್ಣಾದವು, ಬೇರೆ ಕೆಲವು ಶಿಲೀಂಧ್ರಗಳಿಗೆ ಗಿಡ ಹೆಚ್ಚು ಸುಲಭವಾಗಿ ತುತ್ತಾಯಿತು. ಒಳ್ಳೆಯ ಬೇಸಾಯ ತಳಿಗಳಿಗೆ ಹೊಂದಿಸಿ ಆ ನಷ್ಟವನ್ನು ತಗ್ಗಿಸಲು ತಳಿತಜ್ಞರು ವರ್ಷಗಟ್ಟಲೆ ದುಡಿಯಬೇಕಾಯಿತು.

ಟೊಮೆಟೊ ಬೆಳೆಗಾರರು ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ಟೊಮೆಟೊ ಗಿಡವನ್ನು ಸೊರಗಿಸುವ ಫ್ಯುಸೇರಿಯಂ ಶಿಲೀಂಧ್ರ ತಾನೇ ಒಂದು ನಕಲಿ ಸಂಕೇತವನ್ನು ತಯಾರಿಸುತ್ತದೆ. ಫೆರೋನಿಯಾ ಹಿಡಿಯುವ ಗಿಡದ ಸ್ವಂತ ಪ್ರೋಟೀನ್ ತುಣುಕಿನಂತೆಯೇ ಅದು ಇರುತ್ತದೆ. ಗಿಡ ಅದನ್ನು ತನ್ನದೇ ಎಂದು ನಂಬಿ, ಬೇರಿನ ಸುತ್ತಲಿನ ಹುಳಿ ಕ್ಷಾರದ ಮಟ್ಟವನ್ನು ಶಿಲೀಂಧ್ರಕ್ಕೆ ಒಗ್ಗುವಂತೆ ಬದಲಿಸಿಕೊಡುತ್ತದೆ. ಟವೆಲಿನ ಮರೆಯಲ್ಲಿ ದಲ್ಲಾಳಿಯ ಬದಲು ಕಳ್ಳ ಕೈಹಾಕಿದಂತೆ.

ತಿಂದವರಿಗೆ ಏನಾಗುತ್ತದೆ?

ಈ ಪ್ರಶ್ನೆಗೆ ಉತ್ತರ ಯಾವ ಸಂಕೇತ ಎಂಬುದನ್ನು ಅವಲಂಬಿಸಿದೆ. ಸೈಟೊಕೈನಿನ್ ಹಿಡಿಯುವ ಗ್ರಾಹಕಗಳು ಮನುಷ್ಯನಲ್ಲಿ ಇಲ್ಲ. ಆದ್ದರಿಂದ ಕಮಲಾ ಅಕ್ಕಿಯ ಅನ್ನ ತಿಂದವರ ದೇಹದಲ್ಲಿ ಭತ್ತದ ಆ ಸಂಕೇತ ಕೇಳುವವರೇ ಇಲ್ಲದ ಕೂಗು. ಈ ಭಯಕ್ಕೆ ಬಲವಾದ ಆಧಾರ ಕಾಣುವುದಿಲ್ಲ.

ಗಿಡಕ್ಕೂ ಮನುಷ್ಯನಿಗೂ ಸಮಾನವಾಗಿರುವ ಸಂಕೇತಗಳ ವಿಷಯ ಬೇರೆ. ಗಾಬಾ ಎಂಬ ಅಣುವನ್ನು 1949ರಲ್ಲಿ ಆಲೂಗಡ್ಡೆಯಲ್ಲಿ ಗುರುತಿಸಲಾಯಿತು, ಮರುವರ್ಷ ಮಿದುಳಿನಲ್ಲಿ. ಮಿದುಳಿನಲ್ಲಿ ಅದು ನರಗಳ ಉದ್ವೇಗವನ್ನು ತಗ್ಗಿಸುವ ಸಂಕೇತ. ಹೂವಿನಲ್ಲಿ ಅದು ಪರಾಗನಳಿಕೆಗೆ ದಾರಿ ತೋರಿಸುವ ಸಂಕೇತಗಳಲ್ಲಿ ಒಂದು ಎಂದು ಷಿಕಾಗೊ ವಿಶ್ವವಿದ್ಯಾಲಯದ ತಂಡ 2003ರಲ್ಲಿ ತೋರಿಸಿತು: ಶಲಾಕಾಗ್ರದಿಂದ ಅಂಡಕದ ಕಡೆಗೆ ಹೋದಂತೆ ಗಾಬಾ ಹೆಚ್ಚುತ್ತದೆ, ಅದನ್ನು ಒಡೆಯುವ ಕಿಣ್ವ ಪರಾಗದಲ್ಲೂ ಅಂಡಕೋಶದ ಭಾಗದಲ್ಲೂ ಕೆಟ್ಟಿದ್ದರೆ ಎಲ್ಲೆಡೆ ಗಾಬಾ ತುಂಬಿ ನಳಿಕೆ ದಾರಿ ತಪ್ಪುತ್ತದೆ. ಅದೇ ಬಗೆಯ ಕಿಣ್ವವನ್ನು ಮನುಷ್ಯನಲ್ಲಿ ತಡೆಯುವ ವಿಗಾಬಾಟ್ರಿನ್ ಎಂಬ ಔಷಧ ಎಳೆಮಕ್ಕಳ ಒಂದು ಬಗೆಯ ಮೂರ್ಛೆ ರೋಗಕ್ಕೆ ಬಳಕೆಯಲ್ಲಿದೆ. ಮಿದುಳಿನಲ್ಲಿ ಗಾಬಾ ಹೆಚ್ಚಿಸಿ ಅದು ಸೆಳೆತವನ್ನು ನಿಲ್ಲಿಸುತ್ತದೆ. ಆದರೆ ಕೆಲವರಲ್ಲಿ ಕಣ್ಣಿನ ಅಂಚಿನ ದೃಷ್ಟಿಯನ್ನು ಶಾಶ್ವತವಾಗಿ ಕಸಿದುಕೊಳ್ಳುತ್ತದೆ; ಆ ಸಂಕೇತ ಕಣ್ಣಿನಲ್ಲೂ ಇದೆ. ವೈದ್ಯಶಾಸ್ತ್ರ ಇದನ್ನು ಅಡ್ಡಪರಿಣಾಮ ಎಂದು ಬರೆದಿಟ್ಟು, ಔಷಧ ತೆಗೆದುಕೊಳ್ಳುವವರ ದೃಷ್ಟಿಯನ್ನು ಆಗಾಗ ಪರೀಕ್ಷಿಸುವ ಪದ್ಧತಿ ಇಟ್ಟುಕೊಂಡಿದೆ. ಬೆಳೆಗಳ ವಿಷಯದಲ್ಲಿ ಅಂಥ ಪದ್ಧತಿ ಎಷ್ಟರಮಟ್ಟಿಗೆ ಇದೆ ಎಂಬುದನ್ನು ಮುಂದೆ ನೋಡೋಣ.

ಜಪಾನಿನಲ್ಲಿ 2021ರಿಂದ ಮಾರಾಟದಲ್ಲಿರುವ ಜೀನ್ ತಿದ್ದಿದ ಟೊಮೆಟೊ ಇದೇ ಗಾಬಾ ಹೆಚ್ಚಿಸಿದ್ದು, ಸಾಮಾನ್ಯ ಹಣ್ಣಿಗಿಂತ ನಾಲ್ಕೈದು ಪಟ್ಟು. ರಕ್ತದ ಒತ್ತಡ ತಗ್ಗಿಸಲು ನೆರವಾಗುತ್ತದೆ ಎಂಬುದು ಅದರ ಹೆಗ್ಗಳಿಕೆ. ಹಣ್ಣಿನಲ್ಲಿ ತಿಂದ ಗಾಬಾ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲವಾದ್ದರಿಂದ ತಿನ್ನುವವರ ಮಿದುಳಿನ ಬಗ್ಗೆ ಹೆಚ್ಚು ಚಿಂತೆ ಬೇಕಿಲ್ಲ. ಗಿಡದ ಮೇಲೆ ಆಗುವ ಪರಿಣಾಮವೇ ಹೆಚ್ಚು ಕುತೂಹಲದ್ದು. ಅದಕ್ಕೂ ಮೊದಲಿನ ಪ್ರಯೋಗಗಳಲ್ಲಿ ಗಾಬಾ ಏಳರಿಂದ ಹದಿನೈದು ಪಟ್ಟು ಏರಿದ ಗಿಡಗಳಲ್ಲಿ ಗಿಡದ ಗಾತ್ರ, ಹಣ್ಣಿನ ಗಾತ್ರ, ಇಳುವರಿ ಒಂದೊಂದರಲ್ಲಿ ಒಂದೊಂದು ರೀತಿ ಏರುಪೇರಾಗಿತ್ತು. ಎಷ್ಟು ಏರಿಸಿದರೆ ಗಿಡ ತಾಳುತ್ತದೆ ಎಂದು ನೋಡಿ, ಮುಖ್ಯವಾಗಿ ಹಣ್ಣಿನಲ್ಲೇ ಕೆಲಸ ಮಾಡುವ ವಂಶವಾಹಿಯನ್ನು ಆರಿಸಿದ್ದರಿಂದಲೇ ಅದು ಮಾರುಕಟ್ಟೆಗೆ ಬರಲು ಸಾಧ್ಯವಾಯಿತು.

ಕಾನೂನು ಏನನ್ನು ನೋಡುತ್ತದೆ?

ಭಾರತದಲ್ಲಿ ಕುಲಾಂತರಿ ಬೆಳೆಗಳು 1989ರ ನಿಯಮಗಳ ಪ್ರಕಾರ ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರದ ಜಿಇಎಸಿ ಸಮಿತಿಯ ಮುಂದೆ ಹೋಗಬೇಕು. ಆ ದಾರಿ ಎಷ್ಟು ಉದ್ದದ್ದೆಂದರೆ, 2002ರ ಬಿಟಿ ಹತ್ತಿಯ ನಂತರ ಬೇರೆ ಯಾವ ಕುಲಾಂತರಿ ಬೆಳೆಯೂ ರೈತನ ಹೊಲದಲ್ಲಿ ವಾಣಿಜ್ಯ ಬೇಸಾಯಕ್ಕೆ ಬಂದಿಲ್ಲ. ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ತಡೆ ಬಿತ್ತು, ಕುಲಾಂತರಿ ಸಾಸಿವೆ ಸುಪ್ರೀಂ ಕೋರ್ಟಿನಲ್ಲಿ 2024ರ ಜುಲೈನಲ್ಲಿ ಭಿನ್ನ ತೀರ್ಪಿಗೆ ಸಿಕ್ಕಿತು. ಜೀನ್ ತಿದ್ದುಪಡಿಗೆ ಮಾತ್ರ 2022ರ ಮಾರ್ಚ್ 30ರಂದು ಪರಿಸರ ಸಚಿವಾಲಯ ಬೇರೆ ದಾರಿ ತೆರೆಯಿತು. ಸ್ವಂತ ಡಿಎನ್‌ಎಯಲ್ಲಿ ಸಣ್ಣ ಬದಲಾವಣೆ ಮಾತ್ರ ಮಾಡಿ, ತಿದ್ದಲು ಬಳಸಿದ ಹೊರಗಿನ ವಂಶವಾಹಿ ಅಂತಿಮ ಗಿಡದಲ್ಲಿ ಉಳಿದಿಲ್ಲ ಎಂದು ತೋರಿಸಿದರೆ ಆ ನಿಯಮಗಳ 7ರಿಂದ 11ರವರೆಗಿನವು ಅನ್ವಯಿಸುವುದಿಲ್ಲ. ಇದನ್ನು ಪರಿಶೀಲಿಸುವುದು ತಳಿ ರೂಪಿಸಿದ ಸಂಸ್ಥೆಯಲ್ಲೇ ಇರುವ ಜೈವಿಕ ಸುರಕ್ಷತಾ ಸಮಿತಿ. ಅದರಲ್ಲಿ ಸರ್ಕಾರದ ಪ್ರತಿನಿಧಿಯೂ ಇರುತ್ತಾರೆ.

ಇದನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿದೆ. ಗಿಡ್ಡ ಭತ್ತ ಬಂದದ್ದು ಇಂಥದೇ ಬದಲಾವಣೆಯಿಂದ. ವಿಕಿರಣ ಹಾಯಿಸಿ, ರಾಸಾಯನಿಕ ಬಳಸಿ ಎಲ್ಲೆಂದರಲ್ಲಿ ಬದಲಾವಣೆ ತಂದು ಅದರಲ್ಲಿ ಒಳ್ಳೆಯದನ್ನು ಆರಿಸಿದ ತಳಿಗಳನ್ನು ದಶಕಗಳಿಂದ ಯಾವ ಪ್ರಶ್ನೆಯೂ ಇಲ್ಲದೆ ಬೆಳೆಯುತ್ತಿದ್ದೇವೆ. ಒಂದೇ ಜಾಗದಲ್ಲಿ ಗುರಿಯಿಟ್ಟು ತಿದ್ದಿದ್ದಕ್ಕೆ ಹೆಚ್ಚಿನ ಅನುಮಾನ ಏಕೆ ಎಂಬುದು ಅವರ ಪ್ರಶ್ನೆ. ವಿರೋಧಿಸುವವರ ಮಾತಿನಲ್ಲೂ ತೂಕವಿದೆ. ಕತ್ತರಿ ಗುರಿ ತಪ್ಪಿ ಬೇರೆ ಜಾಗವನ್ನೂ ಕತ್ತರಿಸಬಹುದು. ಕ್ರಿಸ್ಪರ್ ತಂತ್ರದ ಮೂಲ ಪೇಟೆಂಟುಗಳು ಅಮೆರಿಕ, ಯೂರೋಪಿನ ಸಂಸ್ಥೆಗಳ ಕೈಯಲ್ಲಿವೆ. ಸುರಕ್ಷತಾ ಪರೀಕ್ಷೆಯ ವಿವರಗಳು ಸಾರ್ವಜನಿಕರಿಗೆ ಸಿಗುವುದಿಲ್ಲ ಎಂಬುದು ಅವರ ಆಕ್ಷೇಪ. 2025ರ ಕೊನೆಯ ತಿಂಗಳುಗಳಲ್ಲಿ ಈ ಸಂಘಟನೆಗಳು ಭತ್ತದ ಪ್ರಾಯೋಗಿಕ ಬೇಸಾಯದ ಸರ್ಕಾರಿ ವರದಿಗಳನ್ನೇ ಮುಂದಿಟ್ಟು, ಘೋಷಿಸಿದಷ್ಟು ಇಳುವರಿ ಅಲ್ಲಿ ಕಾಣುವುದಿಲ್ಲ ಎಂದು ಆರೋಪಿಸಿದವು; ಭಾರತೀಯ ಕೃಷಿ ಅನುಸಂಧಾನ ಪರಿಷತ್ತು (ಐಸಿಎಆರ್) ಅದನ್ನು ತಳ್ಳಿಹಾಕಿತು.

ಈ ಜಗಳದಲ್ಲಿ ಯಾರು ಸರಿ ಎಂಬುದಕ್ಕಿಂತ ಜಗಳ ಸಾಧ್ಯವಾದದ್ದೇ ಗಮನಿಸಬೇಕಾದ ವಿಷಯ. ಭತ್ತದ ತಳಿಗಳು ಸರ್ಕಾರಿ ಸಂಸ್ಥೆಯವು. ಅವು ಹಲವು ರಾಜ್ಯಗಳ ಪ್ರಾಯೋಗಿಕ ತಾಕುಗಳಲ್ಲಿ ಬೆಳೆದವು, ಅಂಕಿಗಳು ವರದಿಯಾದವು, ಆದ್ದರಿಂದ ಆ ಅಂಕಿಗಳನ್ನು ಹಿಡಿದು ಪ್ರಶ್ನಿಸಲು ಆಯಿತು.

ಟೊಮೆಟೊ ಮಂಡಿಗೆ ಬಂದಾಗ

ಟೊಮೆಟೊ ಬೀಜದ ಲೋಕ ಹಾಗಿಲ್ಲ. ಕೋಲಾರದ ಎಪಿಎಂಸಿಗೆ ಬರುವ ಬಾಕ್ಸ್‌ಗಳಲ್ಲಿ ಹೆಚ್ಚಿನವು ಖಾಸಗಿ ಕಂಪನಿಗಳ ಹೈಬ್ರಿಡ್ ಹಣ್ಣುಗಳು. 1966ರ ಬೀಜ ಕಾಯ್ದೆ ಅಧಿಸೂಚಿತ ತಳಿಗಳಿಗಷ್ಟೇ ಬಿಗಿಯಾಗಿ ಅನ್ವಯಿಸುತ್ತದೆ. ಉಳಿದವನ್ನು ಕಂಪನಿ ತನ್ನದೇ ಘೋಷಣೆಯ ಲೇಬಲ್ ಹಚ್ಚಿ ಮಾರಬಹುದು. ಈ ಬೀಜ ಕಾಯ್ದೆಯನ್ನೂ ಜೀನ್ ತಿದ್ದುಪಡಿಗೆ ಸಿಕ್ಕ 2022ರ ವಿನಾಯಿತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂದಿ ಕಾಣುತ್ತದೆ. ಜೀನ್ ತಿದ್ದಿದ ಟೊಮೆಟೊ ಹೈಬ್ರಿಡ್ ಒಂದು ಹೊರಗಿನ ಡಿಎನ್‌ಎ ಇಲ್ಲವೆಂಬ ಪರೀಕ್ಷೆಯಲ್ಲಿ ಪಾಸಾದರೆ, ಅದರ ಸಂಕೇತದ ಬದಲಾವಣೆ ಬೇರೆ ರೋಗ, ಬೇರೆ ಹವೆಗಳಲ್ಲಿ ಏನು ಮಾಡುತ್ತದೆ ಎಂಬುದನ್ನು ಸ್ವತಂತ್ರವಾಗಿ ಪರೀಕ್ಷಿಸಿ ಪ್ರಕಟಿಸಲೇಬೇಕಾದ ಬಾಧ್ಯತೆ ಯಾರ ಮೇಲೂ ನೇರವಾಗಿ ಬೀಳುವುದಿಲ್ಲ. 2025ರ ನವೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟ ಬೀಜ ಮಸೂದೆಯ ಕರಡು ತಳಿಗಳ ನೋಂದಣಿಯನ್ನು ಕಡ್ಡಾಯ ಮಾಡಲು ಹೊರಟಿತು. ನೋಂದಣಿಗೆ ಬೇಕಾಗುವ ಪ್ರಾಯೋಗಿಕ ಬೇಸಾಯ ಎಲ್ಲಿ, ಯಾವ ಕಾಲದಲ್ಲಿ ನಡೆಯಬೇಕು ಎಂಬುದರ ಮೇಲೆ ಅದರ ಉಪಯೋಗ ನಿಂತಿದೆ.

ಬೂದಿ ರೋಗದ ಬಾಗಿಲು ಮುಚ್ಚಿದ ಟೊಮೆಟೊ ಬಂತೆಂದು ಇಟ್ಟುಕೊಳ್ಳೋಣ. ಔಷಧಿ ಹೊಡೆಯುವ ಖರ್ಚು ಉಳಿಯುವುದು ನಿಜವಾದ ಲಾಭ. ಆದರೆ ಕೋಲಾರದಲ್ಲಿ ಆ ಗಿಡ ಎದುರಿಸಬೇಕಾದದ್ದು ಬೂದಿ ರೋಗವೊಂದನ್ನೇ ಅಲ್ಲ. ಬಿಳಿ ನೊಣ ಹರಡುವ ಎಲೆ ಮುದುಡು ವೈರಸ್, ಅಂಗಮಾರಿ, ಸೊರಗು ರೋಗಗಳೂ ಇವೆ. ಬಾರ್ಲಿಯಲ್ಲಿ ಕಂಡಂತೆ ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಸಡಿಲವಾಗುತ್ತದೆಯೇ ಎಂಬುದನ್ನು ಪಾಲಿಹೌಸಿನಲ್ಲಿ ಒಂದೇ ರೋಗಾಣು ಬಿಟ್ಟು ಮಾಡಿದ ಪರೀಕ್ಷೆ ಹೇಳಲಾರದು. ಬಿಸಿಲಿನಲ್ಲೂ ಕಾಯಿ ಕಚ್ಚುವ ತಳಿ ಬಂದರೆ ಆಗುವ ಪರಿಣಾಮ ಇನ್ನೊಂದು ಬಗೆಯದು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದು ಎಲ್ಲರ ಬೆಳೆಯೂ ಒಟ್ಟಿಗೆ ಕೈಕೊಟ್ಟಿದ್ದರಿಂದ. ಬೇಸಿಗೆಯಲ್ಲೂ ಎಲ್ಲರ ಗಿಡದಲ್ಲೂ ಕಾಯಿ ನಿಂತರೆ ಆ ಬೆಲೆಯೂ ನಿಲ್ಲುವುದಿಲ್ಲ. ಮೊದಲು ಹಾಕಿದವನಿಗೆ ಲಾಭ, ಎಲ್ಲರೂ ಹಾಕಿದ ಮೇಲೆ ಲಾಭ ಕೊಳ್ಳುವವನಿಗೆ.

ಪೇಟೆಂಟಿನ ಭಯವನ್ನು ಇಲ್ಲಿ ಸ್ವಲ್ಪ ತಗ್ಗಿಸಬಹುದು. ಭಾರತದ ಪೇಟೆಂಟ್ ಕಾಯ್ದೆ ಗಿಡ, ಬೀಜಗಳಿಗೆ ಪೇಟೆಂಟ್ ಕೊಡುವುದಿಲ್ಲ, 2001ರ ತಳಿ ಸಂರಕ್ಷಣಾ ಕಾಯ್ದೆ ರೈತ ಬೀಜ ಉಳಿಸಿಕೊಳ್ಳುವ ಹಕ್ಕನ್ನು ಒಪ್ಪುತ್ತದೆ. ಆದರೆ ಹೈಬ್ರಿಡ್ ಟೊಮೆಟೊದಲ್ಲಿ ಉಳಿಸಿಕೊಂಡ ಬೀಜಕ್ಕೆ ಬೆಲೆ ಇಲ್ಲ, ಪ್ರತಿ ಸಾರಿ ಹೊಸದನ್ನೇ ಕೊಳ್ಳಬೇಕು. ಹಾಗಾಗಿ ತಂತ್ರದ ಹಕ್ಕಿಗೆ ಕಂಪನಿ ಕೊಟ್ಟ ಹಣ ಕೊನೆಗೆ ಬೀಜದ ಬೆಲೆಯಲ್ಲೇ ಬರುತ್ತದೆ.

ಲೇಬಲ್ ಹಚ್ಚಿದರೆ ಸಾಕು, ಬೇಕಾದವರು ಓದಿ ಆರಿಸಿಕೊಳ್ಳುತ್ತಾರೆ ಎಂಬ ಪರಿಹಾರವನ್ನು ಎರಡೂ ಕಡೆಯ ಕೆಲವರು ಸೂಚಿಸಿದ್ದಾರೆ. ಕೋಲಾರದ ಬೆಳೆಗಾರರಲ್ಲಿ ಬಹಳ ಮಂದಿ ಬೀಜದ ಪೊಟ್ಟಣ ಕೊಳ್ಳುವುದೇ ಇಲ್ಲ. ಪೊಟ್ಟಣ ಒಡೆಯುವುದು ನರ್ಸರಿಯಲ್ಲಿ, ಅದು ಅಲ್ಲೇ ಉಳಿಯುತ್ತದೆ. ಹೊಲಕ್ಕೆ ಬರುವುದು 98 ಗುಣಿಗಳ ಟ್ರೇ. ತೆಂಗಿನ ನಾರಿನ ಪುಡಿಯಲ್ಲಿ ಬೇರು ಬಿಟ್ಟ, ಇನ್ನೂ ತಿಂಗಳು ತುಂಬದ ಸಸಿಗಳು. ಟ್ರೇಯ ಮೇಲೆ ಬರೆದಿರುವುದು ಏನಾದರೂ ಇದ್ದರೆ ತಳಿಯ ಹೆಸರು ಮತ್ತು ಬಿತ್ತಿದ ತಾರೀಖು.